ಜಗಳ ಬಿಡಿಸಲು ಬಂದವರು

ಕುರು ಹಣ್ಣು ಮಾಡುವುದು ನನಗೆ ಬರುತ್ತಿತ್ತು. ಬಬಲೇಶ್ವರದಲ್ಲಿ ನಮ್ಮ ಓಣಿಯವರಷ್ಟೇ ಅಲ್ಲ, ಜೈನಾಪುರದಿಂದಲೂ ಜನ ಬರುತ್ತಿದ್ದರು. ಅಗಸೆ ಹಿಟ್ಟು ಕುದಿಸಿ, ಅರಿಶಿನ ಹಾಕಿ, ಬಟ್ಟೆಯ ಮೇಲೆ ಹರವಿ, ಬಿಸಿ ಇರುವಾಗಲೇ ಕಟ್ಟುವುದು. ಮೂರು ದಿನಕ್ಕೆ ಕುರು ಹಣ್ಣಾಗುತ್ತದೆ, ಬಾಯಿ ಬಿಡುತ್ತದೆ, ಕೀವು ಹೋಗುತ್ತದೆ, ಮನುಷ್ಯ ಎದ್ದು ಹೊಲಕ್ಕೆ ಹೋಗುತ್ತಾನೆ. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ನನ್ನ ಅತ್ತೆ ಮಾಡುತ್ತಿದ್ದಳು, ನಾನು ನೋಡಿ ಕಲಿತೆ. ಬಂದವರನ್ನು ನಾನು ಕೇಳುತ್ತಿದ್ದುದು ಒಂದೇ ಮಾತು, ನೋಯುತ್ತದೋ ಇಲ್ಲವೋ. ನೋಯುತ್ತದೆ ಎಂದರೆ ಪಟ್ಟಿ ಕಟ್ಟುತ್ತಿದ್ದೆ. ನೋಯುವುದಿಲ್ಲ ಎಂದರೆ ಅದು ಬರೀ ಗಂಟು, ಮನೆಗೆ ಹೋಗು ಅನ್ನುತ್ತಿದ್ದೆ. ಈ ಒಂದು ಮಾತಿನಿಂದಲೇ ನನ್ನ ನೆಗೆಣ್ಣಿಯ ಒಂದು ವರ್ಷ ಹಾಳಾಯಿತು. ಅವಳ ಹತ್ತಿರ ಇದ್ದುದೇ ಎರಡು ವರ್ಷ.

ನೆಗೆಣ್ಣಿ ಅಂದರೆ ನನ್ನ ಮೈದುನನ ಹೆಂಡತಿ. ಟಿಕೋಟಾದವಳು. ಹದಿನಾಲ್ಕು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದೆವು. ನಮ್ಮಿಬ್ಬರಿಗೆ ಅಕ್ಕತಂಗಿಯರಂಥ ಪ್ರೀತಿ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅವಳ ರೊಟ್ಟಿ ದಪ್ಪ, ನನ್ನ ನಾಲಿಗೆ ದಪ್ಪ. ದಿನ ಬೆಳಗಾದರೆ ಒಂದು ಮಾತು ಬರುತ್ತಿತ್ತು, ಒಂದು ಮಾತು ಹೋಗುತ್ತಿತ್ತು. ಇದು ಎಪ್ಪತ್ತರ ದಶಕದ ಕೊನೆಯ ಮಾತು. ಆಗ ವಿಜಯಪುರಕ್ಕೆ ಬಿಜಾಪುರ ಅನ್ನುತ್ತಿದ್ದೆವು.

ಒಂದು ದಿನ ಬಚ್ಚಲಲ್ಲಿ ಬೆನ್ನು ತಿಕ್ಕು ಎಂದು ಕರೆದಳು. ಹೋದೆ. ಬೆನ್ನು ಕೊಡುವ ಬದಲು ಎಡಗಡೆಯ ಮೊಲೆಯ ಕೆಳಗೆ ನನ್ನ ಬೆರಳು ಹಿಡಿದು ಒತ್ತಿಕೊಂಡಳು. ಲಿಂಬೆಹಣ್ಣಿನ ಬೀಜಕ್ಕಿಂತ ದೊಡ್ಡದು, ಕಡಲೆಕಾಳಿನಷ್ಟು ಗಟ್ಟಿ.

"ಇದೇನ ಯಕ್ಕಾ?"

"ನೋಯತೈತೇನ?"

"ಇಲ್ಲ."

"ಮತ್ತ ಯಾಕ ಅಳತಿ ಬೇ? ನೋಯಲಾರದ್ದಕ್ಕ ಅಳಾಕ ಕುಂತ್ರ ನೋಯೋದಕ್ಕ ಏನ ಮಾಡತಿ?"

"ಅಳವಲ್ಲೆ. ಕಣ್ಣಾಗ ಸೀಗಿಪುಡಿ ಹೋಗೇತಿ."

ಅಷ್ಟಕ್ಕೇ ಮುಗಿಯಿತು. ಎಂಟು ತಿಂಗಳ ಮೇಲೆ ಮತ್ತೆ ತೋರಿಸಿದಳು. ಆಗ ಅದು ಅಡಿಕೆಯಷ್ಟಾಗಿತ್ತು. ಆಗಲೂ ನೋವಿಲ್ಲ. ದವಾಖಾನೆಗೆ ಹೋಗೋಣ ಎಂದು ನಾನು ಅನ್ನಲಿಲ್ಲ. ಅವಳೂ ಅನ್ನಲಿಲ್ಲ. ನಮ್ಮೂರ ಡಾಕ್ಟರು ಗಂಡಸು, ಅವನ ಮುಂದೆ ಎದೆ ಬಿಚ್ಚುವ ಮಾತು ನಮ್ಮ ಮನೆಯಲ್ಲಿ ಯಾರೂ ಆಡುವಂತಿರಲಿಲ್ಲ. ನಾನು ಅಗಸೆ ಪಟ್ಟಿ ಕಟ್ಟಿದೆ. ಮೂರು ದಿನ, ಆರು ದಿನ, ಹದಿನೈದು ದಿನ. ಚರ್ಮ ಕೆಂಪಾಯಿತು, ಗಂಟು ಹಾಗೇ ಇತ್ತು. ನನಗೆ ಅವಳ ಚಿಂತೆಗಿಂತ ಹೆಚ್ಚು ಸಿಟ್ಟು ಬಂದದ್ದು ಆ ಗಂಟಿನ ಮೇಲೆ. ನನ್ನ ಕೈಯಲ್ಲಿ ಹಣ್ಣಾಗದ ಕುರು ಅದುವರೆಗೆ ಇರಲಿಲ್ಲ.

ಹಣ್ಣಾಗಲೇಬೇಕು ಎಂದು ಕೇರುಬೀಜ ಹಚ್ಚಿದೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಅದೇ ಬೀಜ. ಅದನ್ನು ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದರೆ ಕಪ್ಪು ಎಣ್ಣೆ ಬಿಡುತ್ತದೆ. ಮೈಗೆ ಹತ್ತಿದರೆ ಬೆಂಕಿ ಬಿದ್ದ ಹಾಗೆ ಬೊಬ್ಬೆ ಏಳುತ್ತದೆ. ಗಂಟಿನ ಸುತ್ತ ನಾಲ್ಕು ಬೊಟ್ಟು ಇಟ್ಟೆ. ಮರುದಿನ ಬೊಬ್ಬೆ, ಮೂರನೇ ದಿನ ಕೀವು, ನಾಲ್ಕನೇ ದಿನ ಚಳಿಜ್ವರ. ಎಂಟು ದಿನ ಅವಳ ಮೈ ಕಾದ ಹಂಚಿನ ಹಾಗಿತ್ತು. ಬಡಬಡಿಸಿದಳು. ಟಿಕೋಟಾದ ಯಾವುದೋ ಎಮ್ಮೆಯನ್ನು ಕರೆಯುತ್ತಿದ್ದಳು. ನನ್ನನ್ನು ಮಾತ್ರ ಬೈಯಲು ಮರೆಯಲಿಲ್ಲ.

ಜ್ವರ ಇಳಿದ ಮೇಲೆ ಗಂಟು ಮುಟ್ಟಿ ನೋಡಿದೆ. ಮೊದಲು ಅದರ ಅಳತೆಗೆ ನಾನು ಒಂದು ಕರಿ ದಾರ ಕತ್ತರಿಸಿ ಇಟ್ಟಿದ್ದೆ. ಅದೇ ದಾರ ಸುತ್ತಿದರೆ ಎರಡು ಬೆರಳು ಉಳಿಯಿತು. ಗಂಟು ಅರ್ಧಕ್ಕರ್ಧ ಇಳಿದಿತ್ತು.

"ಹಣ್ಣಾತ?" ಎಂದು ಕೇಳಿದಳು.

"ಹಣ್ಣಾಗಾಕತ್ತೇತಿ. ನಿನ್ನ ಸುಡಾಕ ಇನ್ನಾ ಟೈಮ್ ಐತಿ, ಎದ್ದು ರೊಟ್ಟಿ ಬಡಿ."

ಅವತ್ತು ಇಬ್ಬರೂ ನಕ್ಕೆವು. ಓಣಿಯಲ್ಲಿ ಹೇಳಿಕೊಂಡೆ ಕೂಡ, ನನ್ನ ಕೈಗುಣ ಎಂದು. ಇದನ್ನು ಬರೆಯಲು ನನಗೆ ನಾಚಿಕೆ ಇಲ್ಲ. ಹೇಳಿಕೊಂಡದ್ದು ಹೌದು.

ಬೊಬ್ಬೆ ಮಾಯಿತು, ಹೊಸ ಚರ್ಮ ಬಂತು. ಒಂದೂವರೆ ತಿಂಗಳಿಗೆ ಗಂಟು ಮೊದಲಿನಷ್ಟಾಯಿತು. ಮೂರು ತಿಂಗಳಿಗೆ ದಾರ ಸಾಲಲಿಲ್ಲ. ಕಂಕುಳಲ್ಲಿ ಇನ್ನೊಂದು ಸಿಕ್ಕಿತು. ಆಗ ಮೈದುನನಿಗೆ ಹೇಳಿದೆವು. ಅವನು ಮೂರನೇ ದಿನ ನಮ್ಮಿಬ್ಬರನ್ನೂ ಬಸ್ಸಿಗೆ ಹೊರಡಿಸಿದ.

ಬಿಜಾಪುರದಲ್ಲಿ ಸೊಲ್ಲಾಪುರ ರಸ್ತೆಗೆ ಒಬ್ಬ ಹೆಣ್ಣು ಡಾಕ್ಟರರ ದವಾಖಾನೆ ಇತ್ತು. ಮುಸಲ್ಮಾನರ ಮನೆಯ ಹೆಣ್ಣುಮಗಳು, ಮುಂಬೈಯಲ್ಲಿ ಓದಿ ಬಂದವರು, ಎಲ್ಲರೂ ಡಾಕ್ಟರ್‌ಬಾಯಿ ಅನ್ನುತ್ತಿದ್ದರು. ಒಂದು ಕಡೆ ಟೈರು ಅಂಗಡಿ, ಇನ್ನೊಂದು ಕಡೆ ವೆಲ್ಡಿಂಗಿನವನು. ಅವರು ಕೈ ಹಾಕಿ ನೋಡಿದ್ದು ಬಹಳ ಹೊತ್ತಲ್ಲ. ಕೈ ತೊಳೆಯುತ್ತ, ಎಷ್ಟು ದಿನವಾಯಿತು ಎಂದು ಕೇಳಿದರು. ವರ್ಷದ ಮೇಲಾಯಿತು ಎಂದೆ. ಅವರು ನಲ್ಲಿ ಬಂದ್ ಮಾಡುವುದನ್ನು ಮರೆತು ನಿಂತರು. ನೀರು ಹರಿಯುತ್ತಲೇ ಇತ್ತು. ಏನಾಗಿದೆ ಎನ್ನುವುದು ನನಗೆ ಅಲ್ಲಿಯೇ ತಿಳಿಯಿತು.

ಸೊಲ್ಲಾಪುರಕ್ಕೆ ಚೀಟಿ ಬರೆದುಕೊಟ್ಟರು. ಅಲ್ಲಿ ಮೊಲೆ ತೆಗೆದರು, ಕಂಕುಳನ್ನೂ ಕೊಯ್ದರು. ಅದಾದ ಮೇಲೆ ಕರೆಂಟು, ಅಂದರೆ ಯಂತ್ರದ ಕಿರಣ, ಕೊಡುತ್ತಾರೆ ಎಂದು ಮತ್ತೆ ಮೂರು ವಾರ ಇಟ್ಟುಕೊಂಡರು. ಅವಳು ಊರಿಗೆ ಬಂದಾಗ ಎದೆಯ ಆ ಕಡೆ ಮಗ್ಗದ ಹಲಗೆಯ ಹಾಗಿತ್ತು. ಕೈ ಮೇಲೆ ಎತ್ತಲು ಬರುತ್ತಿರಲಿಲ್ಲ. ಆದರೂ ಗೋಡೆಗೆ ಬೆರಳು ಹತ್ತಿಸಿ ದಿನಕ್ಕೆ ಒಂದು ಗೇಣು ಮೇಲೇರಿಸುತ್ತ ಅಭ್ಯಾಸ ಮಾಡಿದಳು. ಮೇಲಿನ ಗೂಡಿನ ಡಬ್ಬಿಗೆ ಕೈ ಮುಟ್ಟಿದ ದಿನ ಬೆಲ್ಲ ತೆಗೆದು ನನ್ನ ಬಾಯಿಗೆ ತುರುಕಿದಳು. ಅದಾಗಿ ಹದಿನೈದು ದಿನಕ್ಕೆ, ಹೊಲಿಗೆಯ ಗೆರೆಯ ಮೇಲೆ ಸಾಬೂದಾನಿ ಕಾಳಿನಂಥ ಗುಳ್ಳೆಗಳು ಎದ್ದವು. ಆರು ಇದ್ದವು.

ಮತ್ತೆ ಸೊಲ್ಲಾಪುರ ರಸ್ತೆಯ ದವಾಖಾನೆಗೆ ಹೋದೆವು. ಅವಳು, ನಾನು, ಮೈದುನ. ಡಾಕ್ಟರ್‌ಬಾಯಿ ನೋಡಿದರು. ಇನ್ನು ಕೊಯ್ಯುವುದಕ್ಕೆ ಆಗುವುದಿಲ್ಲ, ನೋವಿಗೆ ಗುಳಿಗೆ ಕೊಡುತ್ತೇನೆ ಎಂದರು. ಮೈದುನ ತಲೆಯ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಆಗ ನಾನು ಬಾಯಿ ಬಿಟ್ಟೆ. ಬಿಡಬಾರದಿತ್ತು.

"ಬಾಯಾರ, ಇದು ಒಮ್ಮೆ ಕಮ್ಮಿ ಆಗಿತ್ತರಿ. ನಾ ಕೇರುಬೀಜ ಹಚ್ಚಿದ್ದೆ. ಜ್ವರಾ ಬಂತು, ಕೀವಾತು, ಗಂಟು ಅರ್ಧ ಇಳೀತು."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಖರೇನ ಇಳೀತೇನ್ರಿ? ಹೆಂಗ ಗೊತ್ತಾತು?"

ದಾರದ ಮಾತು ಹೇಳಿದೆ. ಅವರ ಕಣ್ಣು ಸಣ್ಣಗಾಯಿತು. ನಮ್ಮಂಥವರ ಮಾತು ಕೇಳಿ ಓದಿದವರು ಹಾಗೆ ಯೋಚನೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಹೇಳತೊಡಗಿದರು.

"ಅಕ್ಕಾರ, ರಕ್ತದಾಗ ಬಿಳಿ ಕಣಾ ಅಂತ ಇರತಾವ. ಹೊರಗಿಂದ ಏನರೆ ಹೊಲಸು ಮೈಯಾಗ ಹೊಕ್ಕರ ಅವು ಹೋಗಿ ಬಡದಾಡತಾವ. ಬಡದಾಡಿ ಸತ್ತ ಕಣಾನ ಕೀವು. ನೀವು ಕುರು ಹಣ್ಣಾತು ಅಂತೀರಲ್ಲ, ಅದು ಅದs."

"ಹಂಗಾರ ಇದಕ್ಕ ಕೀವು ಯಾಕ ಆಗಲಿಲ್ಲ? ಕಣಾ ಮಲಗಿದ್ದುವೇನು?"

"ಮಲಗಿರಂಗಿಲ್ಲ. ಇಂಥಾ ಗಂಟು ಕೊಯ್ದು ದುರ್ಬೀನಿನಾಗ ನೋಡಿದ್ರ ಸುತ್ತಲೂ ಬಿಳಿ ಕಣಾ ಕಾಣತಾವ. ಬಂದಿರತಾವ. ಬಂದು ಸುಮ್ಮ ನಿಂತಿರತಾವ."

"ಯಾಕರಿ?"

"ಅದರಾಗ ಒಂದು ಥರದ ಕಣಾ ಬ್ಯಾರೆ ಅದಾವಂತ. ಅವುಗಳ ಕೆಲಸ ಬಡದಾಡೂದಲ್ಲ. ಬಡದಾಡೂವಕ್ಕ ಸಾಕು, ತಡೀರಿ ಅನ್ನೂದು. ಅವೂ ಬೇಕರಿ. ಅವು ಇರಲಿಲ್ಲಂದ್ರ ಉಳದ ಕಣಾ ಸಿಟ್ಟಿಗೆದ್ದು ನಮ್ಮ ಮೈಯನ್ನs ಹಾಳ ಮಾಡತಾವ, ಕೀಲು ಕೈಕಾಲು ಎಲ್ಲಾ. ಆದ್ರ ಈ ಗಂಟಿನ ಹತ್ರನೂ ಅವು ತಡೀರಿ ಅಂತಾವ. ಗಂಟಿಗೆ ಅದs ಬೇಕಾಗಿರತೈತಿ."

ನನಗೆ ಒಮ್ಮೆಲೇ ಬೆಳಕಾಯಿತು.

"ಅಂದ್ರ ಜಗಳಾ ಬಿಡಸಾಕ ಬಂದಂವರು ಅನ್ರಿ!"

ಡಾಕ್ಟರ್‌ಬಾಯಿಗೆ ತಿಳಿಯಲಿಲ್ಲ. ನಾನು ಮೈದುನನ ಕಡೆ ಕೈ ಮಾಡಿ, ಬಾಯಿ ತೆಗೆದು ತೋರಿಸು ಎಂದೆ. ಅವನಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ. ಜೈನಾಪುರದಲ್ಲಿ ಬಾವಿಯ ನೀರಿನ ಪಾಳಿಗೆ ಒಬ್ಬನ ಜೊತೆ ಅವನ ಜಗಳವಾಗಿತ್ತು. ನ್ಯಾಯ ಇವನ ಕಡೆಗಿತ್ತು, ಮೈಯಲ್ಲಿ ಕಸುವೂ ಇವನದೇ ಹೆಚ್ಚು. ಆದರೆ ಬಿಡಿಸಲು ಓಡಿಬಂದವರು ಮೂರೂ ಮಂದಿ ನಮ್ಮವರು. ನಮ್ಮವರಾದ್ದರಿಂದ ನಮ್ಮವನನ್ನೇ ಹಿಡಿದರು. ಇಬ್ಬರು ತೋಳು ಹಿಡಿದರು, ಒಬ್ಬ ಸೊಂಟ ತಬ್ಬಿಕೊಂಡ. ಬ್ಯಾಡೋ ಬ್ಯಾಡೋ ಎಂದು ಅವರು ಅನ್ನುತ್ತಿದ್ದರೆ ಆ ಕಡೆಯವನನ್ನು ಯಾರೂ ಹಿಡಿದಿರಲಿಲ್ಲ. ಹೊಡೆದ.

"ಹೊಡದಂವ ಒಬ್ಬ, ಹಿಡದಂವರು ಮೂರು ಮಂದಿ. ಹಲ್ಲು ಹೋಗಿದ್ದು ಹಿಡದಂವರಿಂದ" ಎಂದ ಮೈದುನ. ಎಷ್ಟೋ ವರ್ಷದ ಸಿಟ್ಟು ಅವನ ದನಿಯಲ್ಲಿ ಇನ್ನೂ ಬಿಸಿಯಾಗಿತ್ತು.

ಡಾಕ್ಟರ್‌ಬಾಯಿ ನಕ್ಕರು. ನನ್ನ ನೆಗೆಣ್ಣಿಯೂ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಹೌದ್ರಿ, ಹಂಗs. ನಿಮ್ಮ ಕೇರುಬೀಜದ ಜ್ವರದಾಗ ಆ ಬಿಡಸೂವರ ಕೈ ಒಂದೀಟು ಸಡ್ಲಾಗಿರಬೇಕು. ಜ್ವರಾ ಇಳದ ಮ್ಯಾಲ ಮತ್ತ ಹಿಡಕೊಂಡಿರತಾವ. ಹಂಗ ಆಗಿರಬೇಕು ಅಂತೀನಿ, ಖಾತ್ರಿ ಇಲ್ಲ. ಇದೆಲ್ಲಾ ಇನ್ನಾ ಇಲಿ ಮ್ಯಾಲ ನೋಡಾಕತ್ತಾರ."

ನೆಗೆಣ್ಣಿ ಬಾಯಿಂದ ಸೆರಗು ತೆಗೆದಳು. ಕೇಳಿದಳು.

"ಆ ಬಿಡಸೂವರನ್ನ ಅಷ್ಟs ತಗಿಯೂ ಔಷಧ ಐತೇನ್ರಿ?"

"ಇಲ್ಲ ತಂಗಿ."

"ಮುಂದ?"

"ಮುಂದ ಯಾವಾಗರ ಬಂದೀತು. ಈಗ ಇಲ್ಲ. ಮತ್ತ ನೀವು, ಅಕ್ಕಾರ, ಆ ಕೇರುಬೀಜ ಇನ್ನೊಮ್ಮೆ ಮುಟ್ಟಬ್ಯಾಡ್ರಿ. ಕರೆಂಟ್ ಕೊಟ್ಟ ಚರ್ಮಾ ಅದು. ಸುಟ್ರ ಮಾಯಂಗಿಲ್ಲ."

ನಾನು ಹೂಂ ಎಂದೆ. ಬಸ್ಸಿನಲ್ಲಿ ಬರುವಾಗ ನೆಗೆಣ್ಣಿ ಕಿಟಕಿ ಕಡೆ ಕೂತು ಹೊರಗೆ ನೋಡುತ್ತಿದ್ದಳು. ಅವಳು ಏನು ಯೋಚಿಸುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಡಾಕ್ಟರ್‌ಬಾಯಿ ಹೇಳಿದ ನೂರು ಮಾತಿನಲ್ಲಿ ಅವಳು ಹಿಡಿದುಕೊಂಡದ್ದು ಒಂದೇ, ಜ್ವರದಲ್ಲಿ ಕೈ ಸಡಿಲಾಗುತ್ತದೆ.

ಅವಳ ತಾಯಿ ಬಂದು ಟಿಕೋಟಾಕ್ಕೆ ಕರೆದುಕೊಂಡು ಹೋದಳು. ತವರಿನಲ್ಲಿ ನಾಲ್ಕು ದಿನ ಇರಲಿ ಎಂದು ನಾವೂ ಕಳಿಸಿದೆವು. ಹದಿನೈದು ದಿನಕ್ಕೆ ನೆಗೆಣ್ಣಿ ನನಗೆ ಹೇಳಿಕಳಿಸಿದಳು, ಬರುವಾಗ ಆ ಬೀಜ ತಗೊಂಡು ಬಾ ಎಂದು. ನಾನು ಹೋದೆ. ಬೀಜ ಒಯ್ದಿರಲಿಲ್ಲ.

ಅವಳು ನನ್ನ ಚೀಲ ತಡಕಿದಳು. ಸಿಗಲಿಲ್ಲ.

"ಖಾಲಿ ಕೈಲೆ ಯಾಕ ಬಂದಿ? ನನ್ನ ಮಾರಿ ನೋಡಾಕೇನು? ನಿನಗ ಯಾವಾಗ ನನ್ನ ಮಾರಿ ಚಂದ ಕಂಡೇತಿ?"

"ಬಾಯಾರು ಬ್ಯಾಡಂದಾರ ಬೇ."

"ಬಾಯಾರಿಗೆ ಎದಿಮ್ಯಾಲ ಐತೇನು ಇದು? ಯಕ್ಕಾ, ನೀ ಮೊದಲ ನನ್ನ ಕೇಳಲಾರದs ಸುಟ್ಟಿ. ಈಗ ನಾನs ಕೇಳಾಕತ್ತೇನಿ, ಸುಡವಲ್ಲಿ."

ಅವಳ ಸೆರಗು ಸರಿಸಿ ನೋಡಿದೆ. ಗುಳ್ಳೆಗಳು ಆಗ ಆರಲ್ಲ, ಎಣಿಸುವ ಹಾಗೆ ಇರಲಿಲ್ಲ. ಒಂದಕ್ಕೊಂದು ಕೂಡಿ ನೇರಳೆ ಬಣ್ಣದ ದಪ್ಪ ಪಟ್ಟಿಯಾಗಿದ್ದವು. ಕತ್ತಿನ ಬುಡದಲ್ಲಿ ಒಂದು ಗಂಟು ಎದ್ದು ಕಾಣುತ್ತಿತ್ತು. ಸುಮ್ಮನಿದ್ದರೆ ಏನಾಗುತ್ತದೆ ಎನ್ನುವುದು ಕಣ್ಣ ಮುಂದೆಯೇ ಇತ್ತು. ಟಿಕೋಟಾದಲ್ಲಿಯೇ ಒಬ್ಬ ಅಗಸರ ಮುದುಕಿಯ ಹತ್ತಿರ ಬೀಜ ಕೇಳಿ ತಂದೆ.

ನೆಗೆಣ್ಣಿಯ ತಾಯಿ ದೀಪ ಕಂಡು ಒಳಗೆ ಬಂದಳು. ನನ್ನ ಕೈಯಲ್ಲಿನ ಸೂಜಿ ನೋಡಿದಳು.

"ಏನ ಮಾಡತಿ ಯವ್ವಾ? ಅಷ್ಟ ಕೊಯ್ದು ಕಳಸ್ಯಾರ, ಸಾಲಲಿಲ್ಲೇನು?"

"ಯವ್ವಾ, ನೀ ಹೊರಗ ಹೋಗು" ಎಂದಳು ಮಗಳು. "ನೀ ಇದ್ರ ಆಕಿ ಕೈ ನಡಗತಾವ."

ತಾಯಿ ಹೋಗಲಿಲ್ಲ. ಗೋಡೆಗೆ ಮುಖ ಮಾಡಿ ಕೂತಳು. ನಾನು ಹಚ್ಚಿದೆ. ಈ ಸಲ ನಾಲ್ಕು ಬೊಟ್ಟಲ್ಲ, ಗೆರೆಯ ಉದ್ದಕ್ಕೂ ಇಟ್ಟೆ.

ಜ್ವರ ಬಂತು. ಎಷ್ಟು ಬೇಡಿಕೊಂಡಿದ್ದಳೋ ಅಷ್ಟೂ ಬಂತು. ಹಲ್ಲು ಕಟಕಟ ಅನ್ನುತ್ತಿದ್ದರೂ, "ಬಂತ ಬೇ, ಬಂತ" ಎಂದು ನನ್ನ ಕೈ ಹಿಡಿದು ಹೇಳಿದಳು, ಮಳೆ ಕಂಡವರ ಹಾಗೆ. ನಾನು ಅಲ್ಲಿಯೇ ಉಳಿದೆ. ದಿನಾ ಬೆಳಿಗ್ಗೆ ಕತ್ತಿನ ಗಂಟಿಗೆ ದಾರ ಹಿಡಿಯುತ್ತಿದ್ದೆ. ಅವಳು ನನ್ನ ಮುಖ ನೋಡುತ್ತಿದ್ದಳು.

"ಎಷ್ಟು?"

"ಅಷ್ಟs ಐತಿ."

"ನಿನ್ನಿನಷ್ಟs?"

"ನಿನ್ನಿನಷ್ಟs."

ಐದನೇ ದಿನ ಸುಳ್ಳು ಹೇಳಿದೆ. ಒಂದು ಎಳೆ ಕಡಿಮೆ ಆಗಿದೆ ಎಂದೆ. ದಾರ ಕೊಡು ಎಂದು ಕೈ ಚಾಚಿದಳು. ತಾನೇ ಹಿಡಿದು ನೋಡಿದಳು. ದಾರವನ್ನು ಮಡಚಿ ನನ್ನ ಮಡಿಲಿಗೆ ಎಸೆದಳು. "ನಿನಗ ಸುಳ್ಳೂ ಬರಂಗಿಲ್ಲ, ರೊಟ್ಟಿನೂ ಬರಂಗಿಲ್ಲ" ಎಂದಳು.

ಹನ್ನೆರಡು ದಿನಕ್ಕೆ ಜ್ವರ ಇಳಿಯಿತು. ಗಂಟು ಒಂದೂ ಇಳಿದಿರಲಿಲ್ಲ. ಬಿಡಿಸುವವರು ಈ ಸಲ ಗಟ್ಟಿಯಾಗಿ ಹಿಡಿದುಕೊಂಡಿದ್ದರೋ, ಬಡಿದಾಡುವವರೇ ಮುಗಿದುಹೋಗಿದ್ದರೋ, ಯಾರಿಗೆ ಗೊತ್ತು. ಮಾಯದೆ ಉಳಿದದ್ದು ಚರ್ಮ. ಡಾಕ್ಟರ್‌ಬಾಯಿ ಹೇಳಿದ ಹಾಗೆಯೇ ಆಯಿತು. ಬೊಬ್ಬೆ ಒಡೆದ ಜಾಗ ಬಾಯಿ ತೆರೆದುಕೊಂಡು ಕೂತಿತು. ಮೊದಲು ಕೈಬಳೆಯಷ್ಟು, ಆಮೇಲೆ ಅಂಗೈಯಷ್ಟು. ವಾಸನೆಗೆ ಮನೆಯ ಮಕ್ಕಳು ಆ ಕೋಣೆಗೆ ಬರುತ್ತಿರಲಿಲ್ಲ. ನಾನು ದಿನಕ್ಕೆ ಎರಡು ಸಲ ಬೇವಿನ ನೀರಿನಲ್ಲಿ ತೊಳೆಯುತ್ತಿದ್ದೆ. ಆಗಲೂ ಅದರಲ್ಲಿ ನನಗೆ ಪರಿಚಯದ ದಪ್ಪ ಹಳದಿ ಕೀವು ಬರಲಿಲ್ಲ. ತೆಳ್ಳಗೆ ನೀರು, ರಕ್ತ, ಅಷ್ಟೇ.

ಒಂದು ಮಧ್ಯಾಹ್ನ ತೊಳೆಯುವಾಗ ಹೇಳಿದಳು.

"ಯಕ್ಕಾ, ಇನ್ನ ಅಳತಿ ತಗಿಬ್ಯಾಡ."

"ನಾ ತಗದು ಎಂಟು ದಿನಾ ಆತು."

"ನಾ ತಗೊಳ್ಳಾಕತ್ತಿದ್ದೆ. ಬೆರಳಲೆ."

ಅದಾದ ಮೇಲೆ ಅವಳು ಜ್ವರದ ಮಾತಾಗಲಿ, ಬೀಜದ ಮಾತಾಗಲಿ ಎತ್ತಲಿಲ್ಲ. ಉಸಿರು ಗಿಡ್ಡವಾಗಿತ್ತು, ಮಾತು ಎರಡು ಮೂರು ತುಂಡಾಗಿ ಬರುತ್ತಿತ್ತು. ಬಿಸಿಲುಗಾಲ ಶುರುವಾದಾಗ ಹೋದಳು. ಹೋಗುವಾಗ ದೊಡ್ಡ ಮಾತು ಏನೂ ಆಡಲಿಲ್ಲ. ನೀರು ಕೇಳಿದಳು. ತಂದುಕೊಡುವಷ್ಟರಲ್ಲಿ ಕುಡಿಯುವ ಹಾಗೆ ಇರಲಿಲ್ಲ.

ದಿನಕರ್ಮ ಮುಗಿದ ಮೇಲೆ ಉಳಿದ ಗುಳಿಗೆಗಳನ್ನು ತೆಗೆದುಕೊಂಡು ಬಿಜಾಪುರಕ್ಕೆ ಹೋದೆ. ಬೇರೆ ಯಾರಿಗಾದರೂ ಆದೀತು ಎಂದು. ನಿಜ ಹೇಳಬೇಕೆಂದರೆ ಗುಳಿಗೆ ನೆವ. ಡಾಕ್ಟರ್‌ಬಾಯಿ ಪೊಟ್ಟಣ ಬಿಚ್ಚಿ ನೋಡಿ ಮೇಜಿನ ಮೇಲೆ ಇಟ್ಟರು.

"ಕೇರುಬೀಜ ಹಚ್ಚಿದ್ರೇನು?"

"ಹೂಂ."

ಅವರು ಬೈಯಲಿ ಎಂದು ಕಾದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ನಾ ಆವತ್ತು ಅದನ್ನೆಲ್ಲಾ ಹೇಳಬಾರದಿತ್ತು. ನನಗ ನಿಮ್ಮ ದಾರದ ಮಾತು ಕೇಳಿ ಹುರುಪು ಬಂದಬಿಟ್ಟಿತ್ತು."

"ಬಾಯಾರ, ಒಂದು ಕೇಳತೇನಿ, ಖರೇ ಹೇಳ್ರಿ. ಅದರಿಂದ ಸತ್ತಳೇನು?"

"ಇಲ್ಲರಿ. ಅದು ಮಾಡಿದ್ರೂ ಅಷ್ಟs, ಬಿಟ್ಟಿದ್ರೂ ಅಷ್ಟs."

"ಮತ್ತ ಮೊದಲ ವರ್ಷ? ನೋವಿಲ್ಲ ಸುಮ್ನಿರು ಅಂದೆನಲ್ಲ, ಆಗ ಬಂದಿದ್ರ?"

ಅವರು ಗುಳಿಗೆಯ ಪೊಟ್ಟಣವನ್ನು ಮತ್ತೆ ಕಟ್ಟಿದರು. ಹೊರಗೆ ವೆಲ್ಡಿಂಗಿನವನ ಕಿಡಿ ಕಿಟಕಿಯ ಗಾಜಿಗೆ ಬೆಳಕು ಹೊಡೆಯುತ್ತಿತ್ತು.

"ಆಗ ಬಂದಿದ್ರ ನೋಡಬಹುದಿತ್ತು" ಎಂದರು.

ನಾನು ಎದ್ದೆ. ಖರೇ ಹೇಳಿ ಎಂದು ಕೇಳಿದವಳು ನಾನೇ, ಅವರ ತಪ್ಪಲ್ಲ. ಈಗ ಆ ಬಿಡಿಸುವ ಕಣಗಳ ಕೈ ಸಡಿಲಿಸುವ ಔಷಧ ಬಂದಿದೆ ಎನ್ನುತ್ತಾರೆ, ಕೆಲವರಿಗೆ ತಾಗುತ್ತದಂತೆ, ಕೆಲವರಿಗೆ ಇಲ್ಲವಂತೆ. ಬಂದಿದ್ದರೆ ಬಂದಿರಲಿ. ನಲವತ್ತು ವರ್ಷದ ಮೇಲೆ ಬಂದ ಔಷಧದಿಂದ ನನಗೇನು, ಅವಳಿಗೇನು.

ಅವತ್ತು ಸಂಜೆ ಬಬಲೇಶ್ವರದಲ್ಲಿ ಬಸ್ಸು ಇಳಿದಾಗ ಮೈದುನ ನಿಲ್ದಾಣದಲ್ಲಿ ಕಾಯುತ್ತಿದ್ದ. ನನ್ನ ಕೈಚೀಲ ತೆಗೆದುಕೊಂಡ. ಸ್ವಲ್ಪ ದೂರ ಬಂದ ಮೇಲೆ ಕೇಳಿದ.

"ಏನಂದ್ರು ವೈನಿ, ಬಾಯಾರು?"

"ಗುಳಿಗಿ ಇಸಗೊಂಡ್ರು."

"ಮತ್ತ?"

"ಮತ್ತೇನಿಲ್ಲ."

ಅವನು ಮುಂದೆ, ನಾನು ಹಿಂದೆ, ಮನೆಗೆ ಬಂದೆವು. ಒಲೆ ಹಚ್ಚಬೇಕಾಗಿತ್ತು. ಇನ್ನು ಎರಡೂ ಹೊತ್ತಿನ ರೊಟ್ಟಿ ನನ್ನ ಪಾಲಿಗೇ ಇತ್ತು.